ಗಿಜಿಗಿಜಿ ಗಿಡ ಗುರುತಿಸುವ ಕ್ರಮ: ಹೂವಿಗಿಂತ ಮೊದಲು ನೋಡಬೇಕಾದ್ದು ಏನು?

ಹಳದಿ ಹೂವಿನ ಒಂದೇ ಒಂದು ಫೋಟೋ, ಅದೂ ಎದುರಿನಿಂದ ತೆಗೆದದ್ದು, ಕೆಳಗೆ "ಇದು ಯಾವ ಗಿಡ?" ಎಂಬ ಪ್ರಶ್ನೆ. ಮಳೆಗಾಲ ಮುಗಿಯುತ್ತಿದ್ದಂತೆ ಇಂಥ ಪ್ರಶ್ನೆಗಳು ಸಾಲುಗಟ್ಟಿ ಬರುತ್ತವೆ. ಕೇಳಿದವರಿಗೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ, ಎಲ್ಲವೂ ಊಹೆ. ಆ ಒಂದು ಫೋಟೋದಲ್ಲಿ ಉತ್ತರ ಇರುವುದೇ ಇಲ್ಲ.

ಇಲ್ಲಿ ಹೇಳುತ್ತಿರುವುದು ಕ್ರೋಟಲೇರಿಯಾ ಗುಂಪಿನ ಕಾಡುಹೂಗಳ ಬಗ್ಗೆ. ಕಾಯಿ ಒಣಗಿದಾಗ ಒಳಗಿನ ಬೀಜ ಅಲುಗಾಡಿ ಸದ್ದಾಗುವುದರಿಂದ ಗಿಜಿಗಿಜಿ, ಗಿಲಿಗಿಲಿ ಎಂದೆಲ್ಲ ಕರೆಯುತ್ತೇವೆ. ಅವರೆ, ತೊಗರಿ, ಬಟಾಣಿಗಳ ಕುಟುಂಬವೇ ಇದರದ್ದೂ. ಪ್ರಪಂಚದಲ್ಲಿ ಸುಮಾರು 700 ಪ್ರಭೇದಗಳಿವೆ. ನಮ್ಮ ಕರಾವಳಿಯ ಮರಳು, ಬಯಲುಸೀಮೆಯ ಬದು, ಘಟ್ಟದ ಹುಲ್ಲುಗಾವಲು ಎಲ್ಲ ಕಡೆಯೂ ಬೇರೆ ಬೇರೆ ಪ್ರಭೇದ ಸಿಗುತ್ತವೆ. ಎದುರಿನಿಂದ ನೋಡಿದರೆ ಹೆಚ್ಚಿನವೆಲ್ಲ ಒಂದೇ ರೀತಿಯ ಹಳದಿ ಹೂ.

ವ್ಯತ್ಯಾಸ ಅಡಗಿರುವುದು ನಾಲ್ಕು ಜಾಗದಲ್ಲಿ: ಎಲೆತೊಟ್ಟಿನ ಬುಡ, ಹೂವಿನ ಹಿಂದಿನ ಹಸಿರು ಪಾತ್ರೆ, ಹೂವಿನೊಳಗಿನ ದೋಣಿಯಂಥ ಎಸಳು, ಮತ್ತು ಕಾಯಿ. ಈ ನಾಲ್ಕನ್ನೂ ಕ್ರಮವಾಗಿ ನೋಡಿದರೆ ಸಾಮಾನ್ಯ ಪ್ರಭೇದಗಳನ್ನು ನೀವೇ ಗುರುತಿಸಬಹುದು. ಕ್ರಮ ತಪ್ಪಿಸಬೇಡಿ. ಹೂವಿನಿಂದ ಶುರು ಮಾಡಿದವರ ಮನಸ್ಸು ಒಂದು ಹೆಸರಿಗೆ ಅಂಟಿಕೊಂಡುಬಿಡುತ್ತದೆ, ಆಮೇಲೆ ಎಲೆಯನ್ನೂ ಕಾಯಿಯನ್ನೂ ಆ ಹೆಸರಿಗೆ ಹೊಂದಿಸಲು ಹೋಗುತ್ತಾರೆ.

## ಹಂತ 1: ಸಾಮಾನು ಜೋಡಿಸಿಕೊಳ್ಳಿ

10 ಪಟ್ಟು ದೊಡ್ಡದು ಮಾಡಿ ತೋರಿಸುವ ಹ್ಯಾಂಡ್ ಲೆನ್ಸ್ ಒಂದು ಬೇಕೇ ಬೇಕು. ಅಕ್ಕಸಾಲಿಗರು ಬಳಸುವ ಮಡಚುವ ಲೆನ್ಸ್ ಆದರೂ ಸಾಕು. ಮಿಲಿಮೀಟರ್ ಗುರುತಿರುವ 15 ಸೆಂ.ಮೀ. ಸ್ಕೇಲ್, ಎರಡು ಗುಂಡುಸೂಜಿ, ಹೊಸ ಬ್ಲೇಡು, ಪೆನ್ಸಿಲ್, ನೋಟ್‌ಬುಕ್ ಇರಲಿ. ಅಂಗೈ ಅಗಲದ ಕಪ್ಪು ಬಟ್ಟೆಯೋ ರಟ್ಟೋ ಇದ್ದರೆ ಹಳದಿ ಎಸಳನ್ನು ಅದರ ಮೇಲಿಟ್ಟು ನೋಡಬಹುದು. ಬಿಳಿ ಹಾಳೆಯ ಮೇಲೆ ಹಳದಿಯ ಅಂಚು ಸರಿಯಾಗಿ ಕಾಣದು.

ಹೂವನ್ನು ಮನೆಗೆ ತಂದು ಬಿಚ್ಚುವ ಆಲೋಚನೆ ಇದ್ದರೆ ಗಾಳಿಯಾಡದ ಸಣ್ಣ ಡಬ್ಬಿಯಲ್ಲಿ ಒದ್ದೆ ಹತ್ತಿಯ ಜೊತೆ ಹಾಕಿ. ಜೇಬಿನಲ್ಲಿಟ್ಟ ಹೂ ಅರ್ಧ ಗಂಟೆಯಲ್ಲೇ ಬಾಡಿ ಎಸಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರಾಷ್ಟ್ರೀಯ ಉದ್ಯಾನ, ವನ್ಯಧಾಮಗಳಲ್ಲಿ ಅನುಮತಿ ಇಲ್ಲದೆ ಏನನ್ನೂ ಕೀಳಬಾರದು. ಅಲ್ಲಿ ಲೆನ್ಸ್ ಮತ್ತು ಫೋಟೋ ಅಷ್ಟೇ.

## ಹಂತ 2: ಸರಿಯಾದ ಸಮಯಕ್ಕೆ, ಸರಿಯಾದ ಗಿಡಕ್ಕೆ ಹೋಗಿ

ಹೂ ಮತ್ತು ಬಲಿತ ಕಾಯಿ ಎರಡೂ ಒಟ್ಟಿಗೆ ಇರುವ ಗಿಡ ಹುಡುಕಿ. ಈ ಗುಂಪಿನ ಹೂದಂಡು ಕೆಳಗಿನಿಂದ ಮೇಲಕ್ಕೆ ಅರಳುತ್ತ ಹೋಗುತ್ತದೆ. ಹಾಗಾಗಿ ತುದಿಯಲ್ಲಿ ಮೊಗ್ಗು, ನಡುವೆ ಹೂ, ಬುಡದಲ್ಲಿ ಕಾಯಿ ಮೂರೂ ಒಂದೇ ದಂಡಿನಲ್ಲಿ ಸಿಗುವ ದಿನಗಳಿರುತ್ತವೆ. ನಮ್ಮಲ್ಲಿ ಹೆಚ್ಚಿನ ಪ್ರಭೇದಗಳಿಗೆ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಆ ಕಾಲ. ಆಗಸ್ಟ್‌ನಲ್ಲೇ ಹೋದವರಿಗೆ ಹೂ ಸಿಕ್ಕೀತು, ಕಾಯಿ ಸಿಗುವುದು ಕಷ್ಟ.

ಒಂದೇ ಗಿಡ ನೋಡಿ ತೀರ್ಮಾನಕ್ಕೆ ಬರಬೇಡಿ. ಅದೇ ಜಾಗದಲ್ಲಿ ಕನಿಷ್ಠ ಮೂರು ಗಿಡ ನೋಡಿ, ಆದರೆ ಎಲೆ, ಹೂ, ಕಾಯಿಯ ವಿವರ ಮಾತ್ರ ಒಂದೇ ಗಿಡದ್ದು ಬರೆದುಕೊಳ್ಳಿ. ಎರಡು ಪ್ರಭೇದಗಳು ಅಕ್ಕಪಕ್ಕ ಬೆಳೆಯುವುದು ಅಪರೂಪವಲ್ಲ. ಒಂದರ ಹೂ ಇನ್ನೊಂದರ ಕಾಯಿಯ ಜೊತೆ ಸೇರಿಕೊಂಡರೆ ಆ ಗಿಡಕ್ಕೆ ಯಾವ ಪುಸ್ತಕದಲ್ಲೂ ಹೆಸರು ಸಿಗುವುದಿಲ್ಲ.

ದನ ಮೇಯ್ದ ಗಿಡ, ರಸ್ತೆ ಬದಿಯಲ್ಲಿ ಕುಡುಗೋಲು ಬಿದ್ದು ಮತ್ತೆ ಚಿಗುರಿದ ಗಿಡ ಬೇಡ. ಕಡಿದ ಮೇಲೆ ಬರುವ ಎಲೆಗಳ ಅಳತೆ, ಆಕಾರ ಎರಡೂ ಬದಲಾಗುತ್ತವೆ.

## ಹಂತ 3: ಎಲೆ, ಅದರ ತೊಟ್ಟು, ತೊಟ್ಟಿನ ಬುಡ

ಮೊದಲ ಪ್ರಶ್ನೆ: ಎಲೆ ಒಂಟಿಯೇ, ಮೂರು ಪರ್ಣಿಕೆ (ಒಂದೇ ಎಲೆಯ ಬಿಡಿ ತುಂಡು) ಇರುವುದೇ, ಐದು ಇರುವುದೇ? ಉತ್ತರ ಸುಲಭ ಅನ್ನಿಸುತ್ತದೆ, ಆದರೆ ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಪರ್ಣಿಕೆಯನ್ನು ಎಲೆ ಎಂದು ಎಣಿಸಿಬಿಡುತ್ತಾರೆ. ಪರೀಕ್ಷೆ ಹೀಗೆ: ನಿಮಗೆ ಎಲೆ ಅನ್ನಿಸಿದ್ದರ ತೊಟ್ಟು ಕಾಂಡ ಸೇರುವ ಕಂಕುಳಲ್ಲಿ ಪುಟ್ಟ ಚಿಗುರುಮೊಗ್ಗು ಇದೆಯೇ ನೋಡಿ. ಇದ್ದರೆ ಅದು ಎಲೆ. ಇಲ್ಲದಿದ್ದರೆ ಅದು ಪರ್ಣಿಕೆ, ನಿಜವಾದ ಎಲೆ ಇನ್ನೂ ಕೆಳಗಿನಿಂದ ಶುರುವಾಗುತ್ತದೆ.

ಮೂರು ಪರ್ಣಿಕೆಯ ಗಿಡದಲ್ಲಿ ಒಂದೆರಡು ಉದುರಿ ಒಂದೇ ಉಳಿದಿದ್ದರೆ ಒಂಟಿ ಎಲೆಯಂತೆ ಕಾಣುತ್ತದೆ. ಆದ್ದರಿಂದ ಕಾಂಡದ ನಡುಭಾಗದ ಐದು ಎಲೆ ನೋಡಿ. ತೊಟ್ಟಿನ ತುದಿಯಲ್ಲಿ ಉದುರಿದ ಕಲೆ ಇದೆಯೇ ಎಂದು ಲೆನ್ಸ್‌ನಲ್ಲಿ ಪರೀಕ್ಷಿಸಿ.

ಮೂರು ಪರ್ಣಿಕೆ ಇದ್ದರೆ ಅವು ಹುಟ್ಟುವ ಜಾಗ ಗಮನಿಸಿ. ಗಿಜಿಗಿಜಿಯಲ್ಲಿ ಮೂರೂ ಒಂದೇ ಬಿಂದುವಿನಿಂದ ಹೊರಡುತ್ತವೆ. ತೊಗರಿ, ಅವರೆ, ಅಲಸಂದೆಯಲ್ಲಿ ಹಾಗಲ್ಲ. ಎರಡು ಪರ್ಣಿಕೆ ಎದುರುಬದುರು ಇದ್ದು, ನಡುವಿನದ್ದು ಇನ್ನಷ್ಟು ಮುಂದೆ ಹೋಗಿ ತನ್ನದೇ ಕಡ್ಡಿಯ ತುದಿಯಲ್ಲಿ ಕೂತಿರುತ್ತದೆ. ಈ ಒಂದು ವ್ಯತ್ಯಾಸ ತಿಳಿದರೆ ಹೂ ಬಿಡದ ಗಿಡದಲ್ಲೂ ಅರ್ಧ ಗೊಂದಲ ಕಳೆಯುತ್ತದೆ.

ಈಗ ತೊಟ್ಟಿನ ಬುಡ. ಎಲೆತೊಟ್ಟು ಕಾಂಡಕ್ಕೆ ಅಂಟುವಲ್ಲಿ ಎರಡೂ ಪಕ್ಕ ಪುಟ್ಟ ಎಲೆಯಂಥ, ಇಲ್ಲವೇ ಮುಳ್ಳಿನಂಥ ರಚನೆ ಇರುತ್ತದೆ. ಕನ್ನಡದಲ್ಲಿ ಕಾವಿನೆಲೆ ಎನ್ನುತ್ತಾರೆ, ಬಾಟನಿ ಓದಿದವರು ಸ್ಟಿಪ್ಯೂಲ್ ಎನ್ನುತ್ತಾರೆ. ಫೋಟೋ ಕಳಿಸುವವರಲ್ಲಿ ಇದನ್ನು ತೋರಿಸುವವರು ತೀರಾ ಕಡಿಮೆ. ಒಂಟಿ ಎಲೆಯ ಗಿಜಿಗಿಜಿಗಳನ್ನು ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಗುರುತು ಇನ್ನೊಂದಿಲ್ಲ. ಕೂದಲೆಳೆಯಷ್ಟು ಸಣ್ಣದೋ, ಕಿವಿಯೋಲೆಯಂತೆ ಅಗಲವೋ, ಅರ್ಧಚಂದ್ರದಂತೆ ಬಾಗಿದೆಯೋ, ಎಷ್ಟು ಮಿ.ಮೀ. ಉದ್ದವೋ ಬರೆದುಕೊಳ್ಳಿ. ಕೆಳಗಿನ ಎಲೆಗಳಲ್ಲಿ ಉದುರಿಹೋಗಿರಬಹುದು, ಹಾಗಾಗಿ ತುದಿಯ ಎಳೆ ಎಲೆಗಳಲ್ಲೂ ನೋಡಿ.

ಕೊನೆಗೆ ರೋಮ. ಕಾಂಡವನ್ನು ಸೂರ್ಯನಿಗೆ ಅಡ್ಡ ಹಿಡಿದು ಅಂಚನ್ನು ನೋಡಿ. ಕೂದಲು ಮೈಗೆ ಒತ್ತಿಕೊಂಡು ಮಲಗಿದ್ದರೆ ಅಂಚು ನುಣುಪಾಗಿ ರೇಷ್ಮೆಯಂತೆ ಹೊಳೆಯುತ್ತದೆ. ನಿಗುರಿ ನಿಂತಿದ್ದರೆ ಅಂಚಿನ ಸುತ್ತ ಬೆಳಕಿನ ಗೆರೆ ಕಾಣುತ್ತದೆ. ಎಲೆಯ ಮೇಲ್ಮೈ, ಕೆಳಮೈ ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ, ದುಂಡಗಿದೆಯೋ ಮೂಲೆಗಳಿವೆಯೋ ಕೈಗೇ ತಿಳಿಯುತ್ತದೆ.

## ಹಂತ 4: ಹೂವನ್ನು ಕೀಳದೆ, ಪಕ್ಕದಿಂದ ನೋಡಿ

ಹೂವಿಗೆ ಐದು ಎಸಳು. ಹಿಂದೆ ಎತ್ತಿ ನಿಂತ ದೊಡ್ಡದು ಬಾವುಟ. ಎರಡು ಪಕ್ಕದವು ರೆಕ್ಕೆ. ಕೆಳಗಿನ ಎರಡು ಕೂಡಿಕೊಂಡು ದೋಣಿಯಾಗಿರುತ್ತವೆ. ಗಿಜಿಗಿಜಿಯ ದೋಣಿ ಚಪ್ಪಟೆಯಾಗಿ ಮುಗಿಯುವುದಿಲ್ಲ, ಮೇಲಕ್ಕೆ ಬಾಗಿ ಗಿಳಿಯ ಕೊಕ್ಕಿನಂತೆ ಚೂಪಾಗುತ್ತದೆ. ಆ ಕೊಕ್ಕು ಪಕ್ಕದಿಂದ ಮಾತ್ರ ಕಾಣುತ್ತದೆ. ಎದುರಿನ ಫೋಟೋ ಏಕೆ ಪ್ರಯೋಜನಕ್ಕೆ ಬಾರದು ಎಂಬುದು ಇದರಿಂದಲೇ ತಿಳಿಯುತ್ತದೆ.

ಕೊಕ್ಕು ನೇರವಾಗಿದೆಯೋ, ತಿರುಪಿನಂತೆ ಸುತ್ತಿಕೊಂಡಿದೆಯೋ? ರೆಕ್ಕೆಗಳ ಆಚೆ ಎಷ್ಟು ಚಾಚಿದೆ? ಬಾವುಟದ ಹಿಂಬದಿಯಲ್ಲಿ ಕೆಂಪು, ಕಂದು, ನೇರಳೆ ಗೆರೆಗಳಿವೆಯೇ? ಮೂರಕ್ಕೂ ಉತ್ತರ ಬರೆಯಿರಿ. ಅಂದೇ ಅರಳಿದ ಹೂವನ್ನೇ ಆರಿಸಿ, ಹಳೆಯ ಹೂವಿನ ಬಣ್ಣ ನಂಬಬೇಡಿ.

ಹೂವಿನ ಹಿಂದಿರುವ ಹಸಿರು ಬಟ್ಟಲು ಪುಷ್ಪಪಾತ್ರೆ. ಅದರ ಉದ್ದ ಅಳೆಯಿರಿ, ಹಲ್ಲುಗಳು ಎಷ್ಟು ಆಳಕ್ಕೆ ಸೀಳಿವೆ ನೋಡಿ, ರೋಮ ಇದೆಯೇ ಪರೀಕ್ಷಿಸಿ. ಎಸಳಿಗಿಂತ ಪಾತ್ರೆಯೇ ಉದ್ದವಿದ್ದರೆ ಕೂಡಲೇ ಗುರುತು ಹಾಕಿಕೊಳ್ಳಿ, ಅದು ಕೆಲವೇ ಪ್ರಭೇದಗಳ ಲಕ್ಷಣ.

ಪ್ರತಿ ಹೂತೊಟ್ಟಿನ ಬುಡದಲ್ಲೂ ಒಂದು ಸಣ್ಣ ಎಲೆಯಂಥದ್ದಿರುತ್ತದೆ. ಕಡ್ಡಿಯಂತೆ ಸಣ್ಣಗಿದೆಯೋ, ಎಲೆಯಂತೆ ಅಗಲವಿದೆಯೋ? ತುದಿಯ ಮೊಗ್ಗುಗಳ ಬಳಿ ನೋಡಿದರೆ ಚೆನ್ನಾಗಿ ಕಾಣುತ್ತದೆ.

## ಹಂತ 5: ಹೂ ಬಿಚ್ಚಿ ಒಳಗೆ ನೋಡಿ

ಇದು ಐದು ನಿಮಿಷದ ಕೆಲಸ. ಗಿಡ ಗಿಜಿಗಿಜಿಯ ಗುಂಪಿನದೇ ಹೌದೋ ಅಲ್ಲವೋ ಎಂಬುದು ಇಲ್ಲಿ ಇತ್ಯರ್ಥವಾಗುತ್ತದೆ. ಎರಡು ಹೂವಂಥದ್ದು ಬೇಕು: ಬೆಳಿಗ್ಗೆ ಅರಳಿದ ಒಂದು ಹೂ, ಮತ್ತು ಹಳದಿ ಪೂರ್ತಿ ಬಂದು ಇನ್ನೂ ಅರಳದ ಒಂದು ದೊಡ್ಡ ಮೊಗ್ಗು.

ಮೊದಲು ಅರಳಿದ ಹೂ. ತೊಟ್ಟನ್ನು ಎಡಗೈಯಲ್ಲಿ ಹಿಡಿದು, ಬಲಗೈ ಬೆರಳಿನಿಂದ ರೆಕ್ಕೆಗಳನ್ನೂ ದೋಣಿಯನ್ನೂ ಸೇರಿಸಿ ಮೆಲ್ಲಗೆ ಕೆಳಕ್ಕೆ ಒತ್ತಿ. ಕೊಕ್ಕಿನ ತುದಿಯ ಸಣ್ಣ ತೂತಿನಿಂದ ಹಳದಿ ಪರಾಗ ಟೂತ್‌ಪೇಸ್ಟಿನಂತೆ ದಾರವಾಗಿ ಹೊರಬರುತ್ತದೆ. ಒಳಗಿರುವ ರೋಮಭರಿತ ಶಲಾಕೆ (ಕಾಯಿಯಾಗುವ ಭಾಗದ ತುದಿಯಿಂದ ಚಾಚಿದ ಕಡ್ಡಿ) ಪಂಪಿನ ದಂಡದಂತೆ ಪರಾಗವನ್ನು ಮುಂದಕ್ಕೆ ತಳ್ಳುತ್ತದೆ. ಬಡಗಿ ದುಂಬಿ ಬಂದು ರೆಕ್ಕೆಯ ಮೇಲೆ ಕೂತಾಗ ಆಗುವುದೂ ಇದೇ, ಅದರ ಭಾರಕ್ಕೆ ಪರಾಗ ಹೊಟ್ಟೆಗೆ ಮೆತ್ತಿಕೊಳ್ಳುತ್ತದೆ. ಏನೂ ಹೊರಬರದಿದ್ದರೆ ದುಂಬಿ ಆಗಲೇ ಬಂದು ಹೋಗಿರಬಹುದು, ಬೇರೆ ಹೂ ಪ್ರಯತ್ನಿಸಿ.

ಆಮೇಲೆ ಬಾವುಟವನ್ನು ಹಿಂದಕ್ಕೆ ಬಗ್ಗಿಸಿ ಬುಡದಿಂದ ಕಿತ್ತು ಕಪ್ಪು ಬಟ್ಟೆಯ ಮೇಲಿಡಿ. ಅದರ ಒಳಬದಿಯ ಬುಡದಲ್ಲಿ ಎರಡು ಪುಟ್ಟ ಗಂಟು ಬೆರಳಿಗೆ ತಾಗುತ್ತವೆ. ರೆಕ್ಕೆಗಳನ್ನು ಒಂದೊಂದಾಗಿ ಬಿಡಿಸಿ. ಉಳಿದ ದೋಣಿಯ ಮೇಲಂಚನ್ನು ಗುಂಡುಸೂಜಿಯಿಂದ, ಬುಡದ ಕಡೆಯಿಂದ ಕೊಕ್ಕಿನ ಕಡೆಗೆ ಸೀಳಿ. ಉಲ್ಟಾ ಸೀಳಿದರೆ ಕೊಕ್ಕು ಹರಿದು ಶಲಾಕೆ ಮುರಿಯುತ್ತದೆ. ಒಳಗಿನ ಶಲಾಕೆ ಬುಡದ ಹತ್ತಿರ ಮೊಣಕಾಲಿನಂತೆ ಒಮ್ಮೆಲೇ ಮಡಚಿಕೊಂಡು ಮೇಲಕ್ಕೆ ಎದ್ದಿರುವುದು ಕಾಣುತ್ತದೆ.

ಈಗ ಮೊಗ್ಗು. ಹೀಗೇ ಬಿಚ್ಚಿ ಕೇಸರಗಳನ್ನು, ಅಂದರೆ ತುದಿಯಲ್ಲಿ ಪರಾಗ ಹೊತ್ತ ಎಳೆಗಳನ್ನು, ಎಣಿಸಿ. ಒಟ್ಟು 10 ಇರಬೇಕು, ಹತ್ತೂ ಬುಡದಲ್ಲಿ ಕೂಡಿಕೊಂಡು ಮೇಲ್ಬದಿ ಸೀಳಿದ ಒಂದೇ ಕೊಳವೆಯಂತಿರಬೇಕು. ಲೆನ್ಸ್‌ನಲ್ಲಿ ತುದಿಗಳನ್ನು ನೋಡಿ: ಐದಕ್ಕೆ ಉದ್ದನೆಯ ಪರಾಗಕೋಶ (ಪರಾಗದ ಚೀಲ), ಐದಕ್ಕೆ ಸಾಸಿವೆಯಂತೆ ದುಂಡನೆಯ ಪುಟ್ಟ ಪರಾಗಕೋಶ, ಒಂದು ಬಿಟ್ಟು ಒಂದು. ಇದೇ ನಿರ್ಣಾಯಕ ಗುರುತು. ಅರಳಿದ ಹೂವಿನಲ್ಲಿ ಇದನ್ನು ಹುಡುಕಿ "ಎಲ್ಲ ಒಂದೇ ಥರ ಇವೆ" ಎಂದು ಕೈಬಿಡುವವರು ಬಹಳ. ಉದ್ದನೆಯ ಕೋಶಗಳು ಮೊಗ್ಗಿನಲ್ಲೇ ಒಡೆದು ಪರಾಗ ಸುರಿಸಿ ಮುದುಡಿಕೊಳ್ಳುತ್ತವೆ, ಅದಕ್ಕೇ ಮೊಗ್ಗು ಬೇಕು.

ತೊಗರಿ, ಅವರೆ, ಹಸಿರೆಲೆ ಗೊಬ್ಬರದ ಡಯಾಂಚದಂಥ ಹೆಚ್ಚಿನ ಬಂಧುಗಳಲ್ಲಿ ಒಂಬತ್ತು ಕೇಸರ ಕೂಡಿಕೊಂಡು ಹತ್ತನೆಯದು ಬೇರೆಯಾಗಿ ನಿಂತಿರುತ್ತದೆ. ಸೂಜಿಯಿಂದ ಮೇಲಿನ ಕೇಸರವನ್ನು ಎತ್ತಿ ನೋಡಿದರೆ ಒಂಟಿಯಾಗಿ ಎದ್ದು ಬರುತ್ತದೆ. ಹಾಗೆ ಬಂದರೆ ನಿಮ್ಮ ಗಿಡ ಗಿಜಿಗಿಜಿ ಅಲ್ಲ. ಶೇಂಗಾದ ಹೂವಿನಲ್ಲೂ ಎರಡು ಬಗೆಯ ಪರಾಗಕೋಶ ಇರುತ್ತವೆ, ಆದರೆ ಅದರ ನಾಲ್ಕು ಪರ್ಣಿಕೆಯ ಎಲೆ ನೋಡಿದವರು ಯಾರೂ ಎಡವುವುದಿಲ್ಲ.

## ಹಂತ 6: ಕಾಯಿ

ಕಿವಿಯ ಹತ್ತಿರ ಅಲುಗಾಡಿಸಿ ಕೇಳುವುದು ಚೆಂದ, ಆದರೆ ಸದ್ದೊಂದೇ ಸಾಕ್ಷಿಯಲ್ಲ. ಹಸಿ ಕಾಯಿ ಸದ್ದು ಮಾಡುವುದೇ ಇಲ್ಲ, ಬೀಜ ಇನ್ನೂ ಅಂಟಿಕೊಂಡಿರುತ್ತದೆ. ಒಣಗಿದ್ದೂ ಸುಮ್ಮನಿದ್ದರೆ ಮೈಮೇಲೆ ತೂತು ಇದೆಯೇ ನೋಡಿ. ಯುಟಿಥೀಸಾ ಎಂಬ ಪತಂಗದ ಮರಿ ಕಾಯಿ ಕೊರೆದು ಬೀಜ ತಿಂದುಬಿಡುತ್ತದೆ. ಬಟಾಣಿ ನೀಲಿ ಚಿಟ್ಟೆಯ ಮರಿಯೂ ಹೂವಿನಲ್ಲಿ, ಕಾಯಿಯಲ್ಲಿ ಸೇರಿಕೊಳ್ಳುತ್ತದೆ. ಅಂಥ ಕಾಯಿಯಲ್ಲಿ ಬೀಜ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಮೂರು ಬಲಿತ ಕಾಯಿ ಆರಿಸಿ. ಕಾಯಿ ಒಳಗೆ ಗಾಳಿ ತುಂಬಿದಂತೆ ಉಬ್ಬಿರಬೇಕು. ಅವರೆಯಂತೆ ಚಪ್ಪಟೆಯಾಗಿದ್ದು ಬೀಜದ ಆಕಾರ ಹೊರಗೆ ಎದ್ದು ಕಾಣುತ್ತಿದ್ದರೆ ಬೇರೆ ಗಿಡ. ಉದ್ದ, ದಪ್ಪ ಅಳೆಯಿರಿ, ತುದಿಯ ಒಣ ಶಲಾಕೆಯನ್ನು ಬಿಟ್ಟು. ಮೈ ನುಣುಪೋ, ಮಖಮಲ್ಲಿನಂತೆ ರೋಮವೋ ಬರೆಯಿರಿ.

ಪುಷ್ಪಪಾತ್ರೆಯಿಂದ ಕಾಯಿ ನೇರವಾಗಿ ಶುರುವಾಗುತ್ತದೆಯೋ, ಅಥವಾ ನಡುವೆ ಒಂದು ತೆಳು ಕಡ್ಡಿ ಇದೆಯೋ? ಈ ಕಡ್ಡಿ ಹೂತೊಟ್ಟಲ್ಲ, ಪಾತ್ರೆಯ ಒಳಗಿನಿಂದ ಹೊರಟದ್ದು. ಎರಡನ್ನೂ ಬೆರೆಸಬೇಡಿ.

ಬೀಜ ಎಣಿಸುವಾಗ ಕಾಯಿಯ ಮೇಲಿನ ಹೊಲಿಗೆಯಲ್ಲಿ ಬ್ಲೇಡಿನಿಂದ ಬಿಚ್ಚಿ, ಬೀಜ ಅಂಟಿದ್ದ ಗುರುತುಗಳನ್ನೂ ಸೇರಿಸಿ ಎಣಿಸಿ. ಎರಡೇ ಬೀಜದ ಪ್ರಭೇದಕ್ಕೂ ಮೂವತ್ತು ಬೀಜದ ಪ್ರಭೇದಕ್ಕೂ ಅಜಗಜಾಂತರ.

## ಹಂತ 7: ಬರೆದುಕೊಂಡದ್ದನ್ನು ಹೆಸರಿಗೆ ಹೊಂದಿಸಿ

ಇಲ್ಲಿರುವುದು ಸುಲಭವಾಗಿ ಸಿಗುವ ಕೆಲವು ಮಾತ್ರ. ನಿಮ್ಮ ಗಿಡದ ಎಲ್ಲ ಗುರುತೂ ಕೂಡಿದರೆ ಮಾತ್ರ ಹೆಸರು ಒಪ್ಪಿ.

ಒಂಟಿ ಎಲೆ, ತುದಿ ದುಂಡಗೆ ಅಥವಾ ನಡುವೆ ಸಣ್ಣ ಕಚ್ಚು, ಬುಡ ಬೆಣೆಯಂತೆ ಕಿರಿದು: ಕ್ರೋಟಲೇರಿಯಾ ರೆಟ್ಯೂಸಾ. ಕಾವಿನೆಲೆ ಕೂದಲಿನಂತೆ ಅತಿ ಸಣ್ಣದು. ಹೂ ಹಳದಿ, ಬಾವುಟದ ಮೇಲೆ ಕೆಂಪು-ನೇರಳೆ ಗೆರೆ. ಕಾಯಿ 3ರಿಂದ 4.5 ಸೆಂ.ಮೀ., ನುಣುಪು, ಒಣಗಿದಾಗ ಕಪ್ಪು. ಕರಾವಳಿಯ ಮರಳಿನಲ್ಲೂ ರಸ್ತೆ ಬದಿಯಲ್ಲೂ ಸಾಮಾನ್ಯ.

ಅದೇ ಥರದ ಹೂ, ಆದರೆ ಕಾವಿನೆಲೆ ಅಗಲ, 5 ಮಿ.ಮೀ.ಗಿಂತ ಉದ್ದ: ಕ್ರೋಟಲೇರಿಯಾ ಸ್ಪೆಕ್ಟಾಬಿಲಿಸ್. ಹೂತೊಟ್ಟಿನ ಬುಡದಲ್ಲೂ ಅಗಲವಾದ ಎಲೆಯಂಥದ್ದು ಉದುರದೆ ಉಳಿದಿರುತ್ತದೆ. ಎಲೆ ದೊಡ್ಡದು, 7ರಿಂದ 15 ಸೆಂ.ಮೀ. ರೆಟ್ಯೂಸಾ ಜೊತೆ ಇದನ್ನು ಬೆರೆಸುವುದು ನಿತ್ಯದ ತಪ್ಪು. ಹೂವಿನ ಫೋಟೋದಿಂದ ಇವೆರಡನ್ನು ಬೇರ್ಪಡಿಸಲು ಹೋಗಲೇಬೇಡಿ, ಕಾವಿನೆಲೆ ಕೇಳಿ.

ಒಂಟಿ ಎಲೆ, ಅಗಲ, ಕಾಂಡಕ್ಕೆ ನಾಲ್ಕು ಮೂಲೆ, ಹೂ ತಿಳಿನೀಲಿ-ಬಿಳಿ: ಕ್ರೋಟಲೇರಿಯಾ ವೆರುಕೋಸಾ. ಕಾವಿನೆಲೆ ಅರ್ಧಚಂದ್ರದಂತೆ ಬಾಗಿ ಎಲೆಯಂತೆಯೇ ಕಾಣುತ್ತದೆ. ಕಾಯಿಗೆ ರೋಮ. ನೀಲಿ ಎಂದ ಮಾತ್ರಕ್ಕೆ ಇದೇ ಎನ್ನಬೇಡಿ. ಕ್ರೋಟಲೇರಿಯಾ ಸೆಸಿಲಿಫ್ಲೋರಾದ ಹೂವೂ ನೀಲಿ, ಆದರೆ ಅದರ ಎಲೆ ಹುಲ್ಲಿನಂತೆ ಕಿರಿದು, ಪುಷ್ಪಪಾತ್ರೆಯ ತುಂಬ ಕಂದು ರೋಮ.

ಒಂಟಿ ಎಲೆ, ಉದ್ದ-ಕಿರಿದು, ಎರಡೂ ಬದಿ ರೇಷ್ಮೆರೋಮ, ಕಾಂಡದ ಮೈಮೇಲೆ ಉದ್ದುದ್ದ ಗೀರು: ಅಪ್ಸೆಣಬು, ಕ್ರೋಟಲೇರಿಯಾ ಜುನ್ಸಿಯಾ. ಹಸಿರೆಲೆ ಗೊಬ್ಬರಕ್ಕೆ, ನಾರಿಗೆ ಬೆಳೆಯುವ ಬೆಳೆ. ಹೊಲದಿಂದ ತಪ್ಪಿಸಿಕೊಂಡು ಬದುವಿನಲ್ಲಿ ನಿಂತಾಗ ಕಾಡುಹೂ ಎಂದು ಮೋಸ ಹೋಗುತ್ತಾರೆ. ಗಾಢ ಹಳದಿ ಹೂ, ಆಳವಾಗಿ ಸೀಳಿದ ಪುಷ್ಪಪಾತ್ರೆ, ಮಖಮಲ್ಲಿನ ಕಾಯಿ. ಕಳೆದ ವರ್ಷ ಆ ಹೊಲದಲ್ಲಿ ಏನು ಬಿತ್ತಿದ್ದರು ಎಂದು ರೈತರನ್ನು ಕೇಳಿದರೆ ಗೊತ್ತಾಗುತ್ತದೆ.

ಕಿರಿದಾದ ಒಂಟಿ ಎಲೆ, ಪುಷ್ಪಪಾತ್ರೆ ಎಸಳನ್ನು ಮುಚ್ಚುವಷ್ಟು ದೊಡ್ಡದು, ತುಕ್ಕುಬಣ್ಣದ ರೋಮ: ಕ್ರೋಟಲೇರಿಯಾ ಕ್ಯಾಲಿಸೈನಾ. ಹುಲ್ಲಿನ ನಡುವೆ ಸಿಗುತ್ತದೆ. ನುಣುಪಾದ ಕಾಯಿ ಪಾತ್ರೆಯೊಳಗೇ ಅಡಗಿರುತ್ತದೆ, ಬಿಡಿಸಿ ನೋಡಬೇಕು.

ಮೂರು ಪರ್ಣಿಕೆ, ಉದ್ದನೆಯ ದಂಡಿನಲ್ಲಿ ಒತ್ತಾಗಿ ಹೂ, ಕೆಳಕ್ಕೆ ಜೋತ ಕೊಳವೆಯಂಥ ಕಾಯಿ: ಕ್ರೋಟಲೇರಿಯಾ ಪ್ಯಾಲಿಡಾ. ಹಳದಿಯ ಮೇಲೆ ಕಂದುಗೆಂಪು ಗೆರೆ. ಇದು ಆಫ್ರಿಕಾ ಮೂಲದ್ದು, ಇಲ್ಲಿ ನೆಲೆ ನಿಂತಿದೆ. ರಸ್ತೆ ಬದಿಯಲ್ಲಿ ಕಂಡದ್ದೆಲ್ಲ ಸ್ಥಳೀಯ ಎಂದು ಪಟ್ಟಿ ಮಾಡುವವರು ಇದರಲ್ಲಿ ಎಡವುತ್ತಾರೆ. ಇದೇ ರೀತಿ ಕಂಡು ಕಾಯಿಯ ತುಂಬ ನಿಗುರಿದ ಉದ್ದ ರೋಮವಿದ್ದರೆ ಅಮೆರಿಕ ಮೂಲದ ಕ್ರೋಟಲೇರಿಯಾ ಇಂಕಾನಾ.

ಮೂರು ಪರ್ಣಿಕೆ, ಗಿಡವೆಲ್ಲ ನುಣುಪು, ಎಲೆತೊಟ್ಟು ಉದ್ದ, ದೊಡ್ಡ ಹಳದಿ-ಹಸಿರು ಹೂ: ಕ್ರೋಟಲೇರಿಯಾ ಲ್ಯಾಬರ್ನಿಫೋಲಿಯಾ. ಪುಷ್ಪಪಾತ್ರೆಗೂ ಕಾಯಿಗೂ ನಡುವೆ ಉದ್ದನೆಯ ಕಡ್ಡಿ ಇರುತ್ತದೆ. ಹೂ ಕಾಣುವುದು ಕಡ್ಡಿಗೆ ಜೋತುಬಿದ್ದ ಹಕ್ಕಿಯಂತೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಮೂರು ಪುಟ್ಟ ಪರ್ಣಿಕೆ, ಬಟಾಣಿಗಿಂತ ಸಣ್ಣ ದುಂಡು ಕಾಯಿ, ಎರಡು ಬೀಜ: ಕ್ರೋಟಲೇರಿಯಾ ಮೆಡಿಕಾಜಿನಿಯಾ ಮತ್ತು ಅದರ ಹತ್ತಿರದವು.

ಐದು ಪರ್ಣಿಕೆ, ಗದ್ದೆಯ ಅಂಚು, ತೇವದ ನೆಲ: ಕ್ರೋಟಲೇರಿಯಾ ಕ್ವಿನ್ಕೆಫೋಲಿಯಾ.

ಘಟ್ಟದ ಹುಲ್ಲುಗಾವಲಿನಲ್ಲಿ ಕಂಡ, ಮೇಲಿನ ಯಾವುದಕ್ಕೂ ಕೂಡದ ಒಂಟಿ ಎಲೆಯ ಗಿಡಕ್ಕೆ ಬಲವಂತವಾಗಿ ಹೆಸರು ಹೊಂದಿಸಬೇಡಿ. ಅಲ್ಲಿನ ಕೆಲವು ಪ್ರಭೇದಗಳು ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಅವುಗಳ ದಾಖಲೆಗೆ ಬೆಲೆ ಇದೆ, ತಪ್ಪು ಹೆಸರು ಆ ದಾಖಲೆಯನ್ನೇ ಕೆಡಿಸುತ್ತದೆ.

## ಹಂತ 8: ಗಿಜಿಗಿಜಿ ಎಂದು ಮೋಸ ಹೋಗುವ ಗಿಡಗಳು

ಡಯಾಂಚದ ಎಲೆ ಗರಿಯಂತೆ, ಹತ್ತಾರು ಜೋಡಿ ಪರ್ಣಿಕೆಗಳು. ಕಾಯಿ ಗೇಣುದ್ದ, ಕಡ್ಡಿಯಂತೆ ತೆಳು.

ಸ್ಮಿಥಿಯಾ ಮಳೆಗಾಲದಲ್ಲಿ ಘಟ್ಟದ ಮೇಲೆ ಹಳದಿ ಹಾಸು ಹಾಸುತ್ತದೆ. ಅದರ ಎಲೆಯೂ ಗರಿಯಂಥದ್ದೇ. ಕಾಯಿ ಪುಷ್ಪಪಾತ್ರೆಯೊಳಗೆ ಮಡಿಚಿಕೊಂಡಿರುತ್ತದೆ, ಉಬ್ಬುವುದಿಲ್ಲ.

ಕಾಡು ತೊಗರಿಗಳಲ್ಲಿ ಬೀಜ ಬೀಜದ ನಡುವೆ ಕಾಯಿಯ ಮೇಲೆ ಅಡ್ಡ ಗೀರು. ಫ್ಲೆಮಿಂಜಿಯಾದಲ್ಲಿ ಮೂರು ಪರ್ಣಿಕೆ ಒಂದೇ ಬಿಂದುವಿನಿಂದ ಹೊರಟರೂ ಎಲೆಯ ಕೆಳಗೆ ಸೂಜಿಮೊನೆಯಂಥ ಗ್ರಂಥಿಚುಕ್ಕೆಗಳಿರುತ್ತವೆ, ಕೇಸರ ಒಂಬತ್ತು ಮತ್ತು ಒಂದು.

ತಂಗಡಿ ಹೂವನ್ನೂ ಈ ಗುಂಪಿಗೆ ಸೇರಿಸುವವರಿದ್ದಾರೆ. ಅದರಲ್ಲಿ ಬಾವುಟ, ದೋಣಿ ಇಲ್ಲವೇ ಇಲ್ಲ, ಐದು ಎಸಳೂ ಬಿಡಿಬಿಡಿ.

## ಹಂತ 9: ಬೇರೆಯವರನ್ನು ಕೇಳುವುದಾದರೆ ಎಂಟು ಫೋಟೋ

1. ಇಡೀ ಗಿಡ, ಸುತ್ತಲಿನ ನೆಲ ಕಾಣುವಂತೆ.
2. ಎಲೆಯ ಮೇಲ್ಮೈ, ಪಕ್ಕದಲ್ಲಿ ಸ್ಕೇಲ್.
3. ಎಲೆಯ ಕೆಳಮೈ.
4. ಎಲೆತೊಟ್ಟಿನ ಬುಡ, ಕಾವಿನೆಲೆ ಸ್ಪಷ್ಟವಾಗಿ.
5. ಹೂ ಪಕ್ಕದಿಂದ.
6. ಹೂ ಹಿಂದಿನಿಂದ, ಪುಷ್ಪಪಾತ್ರೆ ಮತ್ತು ತೊಟ್ಟು.
7. ಬಿಚ್ಚಿದ ಎಸಳುಗಳು ಮತ್ತು ಕೇಸರ, ಕಪ್ಪು ಬಟ್ಟೆಯ ಮೇಲೆ.
8. ಬಲಿತ ಕಾಯಿ, ಹೊರಗೆ ಮತ್ತು ಬಿಚ್ಚಿದ್ದು.

ಫೋನಿನ ಕ್ಯಾಮೆರಾ ಹಳದಿ ಹೂವಿನಲ್ಲಿ ಗೆರೆಗಳನ್ನೆಲ್ಲ ಅಳಿಸಿಬಿಡುತ್ತದೆ. ಪರದೆಯ ಮೇಲೆ ಹೂವನ್ನು ಮುಟ್ಟಿ ಬೆಳಕನ್ನು ಒಂದಷ್ಟು ತಗ್ಗಿಸಿ, ಅಥವಾ ಮೈ ಅಡ್ಡ ಹಿಡಿದು ನೆರಳು ಮಾಡಿ. ಲೆನ್ಸನ್ನು ಕ್ಯಾಮೆರಾಕ್ಕೆ ಒತ್ತಿ ಹಿಡಿದು ಕಾವಿನೆಲೆಯ ಫೋಟೋ ತೆಗೆಯಬಹುದು. ಜೊತೆಗೆ ತಾಲ್ಲೂಕು, ಎತ್ತರ, ನೆಲದ ಬಗೆ, ತಾರೀಕು ಬರೆಯಿರಿ.

ಗಿಡ ಗುರುತಿಸುವ ಆ್ಯಪ್‌ಗಳು ಕ್ರೋಟಲೇರಿಯಾ ಎಂಬಲ್ಲಿಗೆ ತಲುಪಿಸಿದರೆ ಅಷ್ಟನ್ನು ತೆಗೆದುಕೊಳ್ಳಿ. ಪ್ರಭೇದದ ಹೆಸರಿಗೆ ಅವುಗಳನ್ನು ನೆಚ್ಚಬೇಡಿ. ಅವು ನೋಡುವುದೂ ಅದೇ ಎದುರಿನ ಹೂವನ್ನು.

## ಎಚ್ಚರಿಕೆ: ಅವರೆಯ ಬಂಧು ಎಂದು ಬಾಯಿಗೆ ಹಾಕಬೇಡಿ

ಗಿಜಿಗಿಜಿಯ ಹಲವು ಪ್ರಭೇದಗಳಲ್ಲಿ, ಅದರಲ್ಲೂ ಬೀಜದಲ್ಲಿ, ಯಕೃತ್ತನ್ನು ಹಾಳುಮಾಡುವ ಆಲ್ಕಲಾಯ್ಡ್‌ಗಳಿವೆ. ರೆಟ್ಯೂಸಾ, ಸ್ಪೆಕ್ಟಾಬಿಲಿಸ್ ಎರಡರಲ್ಲೂ ಮಾನೋಕ್ರೋಟಲಿನ್ ಎಂಬ ವಿಷ ಇದೆ. 1970ರ ದಶಕದಲ್ಲಿ ಮಧ್ಯಭಾರತದ ಸರ್ಗುಜಾದಲ್ಲಿ ಸಾಮೆಯೊಳಗೆ ಕ್ರೋಟಲೇರಿಯಾ ಬೀಜ ಬೆರೆತು, ಅದನ್ನು ಉಂಡ ಜನ ಯಕೃತ್ತಿನ ಕಾಯಿಲೆಯಿಂದ ಸತ್ತರು. ಸಾಮೆ ಬೆಳೆಯುವವರು ಹೊಲದಲ್ಲಿ ಈ ಗಿಡ ಕಂಡರೆ ಕಾಯಿ ಒಡೆಯುವ ಮುನ್ನ ಕಿತ್ತುಹಾಕಬೇಕು. ಒಕ್ಕಣೆಯ ಕಾಳಿನಲ್ಲಿ ಮೂತ್ರಪಿಂಡದ ಆಕಾರದ, ಹೊಳೆಯುವ ಸಣ್ಣ ಬೀಜ ಕಂಡರೆ ಜರಡಿ ಹಿಡಿದು ಬೇರ್ಪಡಿಸಿ.

ಮಕ್ಕಳು ಒಣ ಕಾಯಿಯನ್ನು ಗಿಲಕಿಯಂತೆ ಆಡಿಸುತ್ತಾರೆ. ಆಡಿದ ಮೇಲೆ ಕೈ ತೊಳೆಸಿ, ಬೀಜ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಹೂ ಬಿಚ್ಚಿದ ನೀವೂ ಕೈ ತೊಳೆಯಿರಿ.

ಒಣಗುತ್ತಿರುವ ಅಥವಾ ಮುರಿದ ಗಿಡದ ಮೇಲೆ ಬ್ಲೂ ಟೈಗರ್, ಕಾಮನ್ ಕ್ರೋ ಚಿಟ್ಟೆಗಳು ಗುಂಪಾಗಿ ಕೂತಿದ್ದರೆ ಓಡಿಸಬೇಡಿ. ಅವು ಹೀರುತ್ತಿರುವುದು ಇದೇ ವಿಷವನ್ನು. ಗಂಡು ಚಿಟ್ಟೆಗಳಿಗೆ ಹೆಣ್ಣನ್ನು ಒಲಿಸುವ ಗಂಧ ತಯಾರಿಸಲು ಅದು ಬೇಕು. ದೂರದಿಂದಲೇ ಗಿಡ ಪತ್ತೆ ಹಚ್ಚಲು ಅನುಭವಿಗಳು ಚಿಟ್ಟೆಗಳನ್ನೇ ನೋಡುತ್ತಾರೆ.

## ಹಂತ 10: ಇನ್ನೂ ಹೆಸರು ಕೂಡದಿದ್ದರೆ

ಹೂ, ಕಾಯಿ, ಎಲೆ ಮೂರೂ ಇರುವ ಒಂದು ರೆಂಬೆಯನ್ನು ಮಡಚಿದ ದಿನಪತ್ರಿಕೆಯ ನಡುವೆ ಹರವಿಡಿ. ಒಂದೆರಡು ಎಲೆ ಮೇಲ್ಮೈ ಕಾಣುವಂತೆ, ಒಂದೆರಡು ಕೆಳಮೈ ಕಾಣುವಂತೆ ತಿರುಗಿಸಿ. ಮೇಲೆ ಭಾರವಾದ ಪುಸ್ತಕ ಹೇರಿ. ಮೊದಲ ಮೂರು ದಿನ ದಿನಕ್ಕೊಮ್ಮೆ ಪತ್ರಿಕೆ ಬದಲಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿದು ಎಲೆ ಕಪ್ಪಾಗುತ್ತದೆ. ಉಬ್ಬಿದ ಕಾಯಿ ಒತ್ತಡಕ್ಕೆ ಒಡೆಯುತ್ತದೆ. ಅದನ್ನು ಬೇರೆಯಾಗಿ ಕಾಗದದ ಪೊಟ್ಟಣದಲ್ಲಿ ಹಾಕಿ, ಅದೇ ಗಿಡದ ಸಂಖ್ಯೆ ಬರೆಯಿರಿ.

ಒಣಗಿದ ಮಾದರಿಯನ್ನು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ತೋರಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನಲ್ಲಿ (ಒಣಗಿಸಿದ ಗಿಡಗಳ ಭಂಡಾರ) ಕರ್ನಾಟಕದ ಸಸ್ಯಗಳ ದೊಡ್ಡ ಸಂಗ್ರಹವಿದೆ, ಅದರ ಮಾಹಿತಿ ಅಂತರ್ಜಾಲದಲ್ಲೂ ಸಿಗುತ್ತದೆ. ಅಲ್ಲಿನ ಮಾದರಿಯ ಕಾವಿನೆಲೆ, ಪುಷ್ಪಪಾತ್ರೆ, ಕಾಯಿಗಳನ್ನು ಕ್ರಮವಾಗಿ ನಿಮ್ಮದರ ಜೊತೆ ಹೋಲಿಸಿ.

ಕಾಯಿ ಸಿಗದೆ ಬಾಕಿ ಉಳಿದ ಗಿಡಕ್ಕೆ ನೋಟ್‌ಬುಕ್ಕಿನಲ್ಲಿ "ಕ್ರೋಟಲೇರಿಯಾ, ಪ್ರಭೇದ ತಿಳಿದಿಲ್ಲ" ಎಂದು ಬರೆದು, ಜಾಗದ ಗುರುತು ಹಾಕಿ, ಐದಾರು ವಾರ ಬಿಟ್ಟು ಅದೇ ಗಿಡಕ್ಕೆ ಮತ್ತೆ ಹೋಗಿ. ಗುರುತಿಗೆ ಕಾಂಡದ ಬುಡಕ್ಕೆ ಬಣ್ಣದ ದಾರ ಸಡಿಲವಾಗಿ ಕಟ್ಟಿರಿ, ಯಾಕೆಂದರೆ ಹೂ ಉದುರಿದ ಮೇಲೆ ಒಣಹುಲ್ಲಿನ ನಡುವೆ ಅದನ್ನು ಹುಡುಕುವುದು ಕಷ್ಟ.